ಸಿಗ್ನಲ್ ಫುಲ್, ಚಿತ್ರ ಚೂರುಚೂರು

ಅಮೆರಿಕದ ಫ್ಲಾಟೊಂದರಲ್ಲಿ ಕೇಬಲ್ ಬಿಡಿಸಿ, ಕಿಟಕಿಗೆ ಆಂಟೆನಾ ಅಂಟಿಸಿಕೊಂಡ ಓದುಗರೊಬ್ಬರ ಪ್ರಶ್ನೆ ಇದು. ಸಿಗ್ನಲ್ ಪಟ್ಟಿ ತುಂಬಿ ನಿಂತಿದೆ, ಟವರ್ ಕಣ್ಣಿಗೇ ಕಾಣುತ್ತದೆ, ಆದರೂ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಬೂಸ್ಟರ್ ಹಾಕಿದರು. ಇನ್ನಷ್ಟು ಕೆಟ್ಟಿತು.

ಅದರಲ್ಲಿ ಅಚ್ಚರಿಯಿಲ್ಲ. ದೂರದ ತೋಟದ ಮನೆಗೆ ಸಿಗ್ನಲ್ ಸಾಲದೆ ಬರುತ್ತದೆ. ನಗರದ ಮನೆಗೆ ಒಂದೇ ಸಿಗ್ನಲ್ ನಾಲ್ಕಾರು ಸಲ ಬರುತ್ತದೆ. ಟವರಿನಿಂದ ನೇರ ಬಂದದ್ದೊಂದು, ಎದುರಿನ ಕಟ್ಟಡಕ್ಕೆ ಬಡಿದು ಬಂದದ್ದೊಂದು, ಹಿಂದಿನ ಗೋಡೆಯಿಂದ ಮತ್ತೊಂದು. ಬೂಸ್ಟರಿಗೆ ಅಸಲಿ ಯಾವುದು, ಪ್ರತಿಧ್ವನಿ ಯಾವುದು ಎಂಬುದು ತಿಳಿಯದು. ಎಲ್ಲವನ್ನೂ ಒಂದೇ ಸಮ ಹಿಗ್ಗಿಸುತ್ತದೆ. ಚಿತ್ರ ಕೆಟ್ಟರೆ ಬೂಸ್ಟರೇ ಮದ್ದು ಎಂಬ ಮೂಢನಂಬಿಕೆಯನ್ನು ಇನ್ನಾದರೂ ಬಿಡಬೇಕು. ನಮ್ಮ ಮಾಳಿಗೆಗಳ ಮೇಲಿನ ಡಿಶ್‌ಗೆ ಈ ಕಾಟವಿಲ್ಲ. ಅದು ಆಕಾಶದ ಒಂದೇ ಚುಕ್ಕೆಗೆ ಕಣ್ಣು ನೆಟ್ಟು ಕೂತಿರುತ್ತದೆ.

ಹಳೆಯ ಟಿವಿಯಲ್ಲಿ ಈ ಪ್ರತಿಧ್ವನಿ ಕಣ್ಣಿಗೇ ಕಾಣುತ್ತಿತ್ತು: ವಾರ್ತೆ ಓದುವವರ ಮುಖದ ಬಲಕ್ಕೆ ಮಸುಕಾದ ಇನ್ನೊಂದು ಮುಖ. ಎಲ್ಲರೂ ಬೈಯುತ್ತಿದ್ದ ಆ ನೆರಳು ಒಂದು ಸೊಗಸಾದ ಅಳತೆಪಟ್ಟಿಯಾಗಿತ್ತು. ಚಿತ್ರದ ಒಂದು ಗೆರೆ ಎಡದಿಂದ ಬಲಕ್ಕೆ ಮೂಡಲು 52 ಮೈಕ್ರೊಸೆಕೆಂಡ್ ಬೇಕಿತ್ತು. ರೇಡಿಯೊ ತರಂಗವಾದರೋ ಮೈಕ್ರೊಸೆಕೆಂಡಿಗೆ 300 ಮೀಟರ್ ಓಡುತ್ತದೆ. 21 ಇಂಚಿನ ಪರದೆಯಲ್ಲಿ ನೆರಳು ಒಂದು ಸೆಂಟಿಮೀಟರ್ ಸರಿದಿದ್ದರೆ, ಆ ತರಂಗ ಸುಮಾರು 400 ಮೀಟರ್ ಸುತ್ತಿಬಳಸಿ ಬಂದಿದೆ ಎಂದರ್ಥ. ಅಡ್ಡಬಂದ ಕಟ್ಟಡ ಯಾವುದೆಂದು ಮಕ್ಕಳ ಸ್ಕೇಲ್ ಹಿಡಿದೇ ಊಹಿಸಬಹುದಿತ್ತು!

ಡಿಜಿಟಲ್‌ನಲ್ಲಿ ನೆರಳು ಮೂಡುವುದಿಲ್ಲ. ಒಂದು ಹಂತದವರೆಗೆ ಚಿತ್ರ ಸ್ವಚ್ಛ, ಅದು ದಾಟಿದರೆ ಏನೂ ಇಲ್ಲ. 1999ರ ಬೇಸಿಗೆಯಲ್ಲಿ ಬಾಲ್ಟಿಮೋರ್ ನಗರದಲ್ಲಿ ಸಿಂಕ್ಲೇರ್ ಎಂಬ ಪ್ರಸಾರ ಸಂಸ್ಥೆ, ಅಮೆರಿಕ ಆಯ್ದುಕೊಂಡಿದ್ದ 8-ವಿಎಸ್‌ಬಿ ಪದ್ಧತಿಯನ್ನೂ ಯುರೋಪಿನ ಒಎಫ್‌ಡಿಎಂ ಪದ್ಧತಿಯನ್ನೂ ಸರಳ ಒಳಾಂಗಣ ಆಂಟೆನಾಗಳಲ್ಲಿ ಹೋಲಿಸಿ ತೋರಿಸಿತು. ಅಮೆರಿಕದ ಅಂದಿನ ರಿಸೀವರ್‌ಗಳು ಮುಗ್ಗರಿಸಿದ ಕಡೆ ಯುರೋಪಿನದು ಚಿತ್ರ ಹಿಡಿಯಿತು. 8-ವಿಎಸ್‌ಬಿ ಸೆಕೆಂಡಿಗೆ ಒಂದು ಕೋಟಿಗೂ ಹೆಚ್ಚು ಸಂಕೇತಗಳನ್ನು ಒಂದರ ಬೆನ್ನಿಗೊಂದು ಕಳಿಸುತ್ತದೆ. ಒಂದು ಸಂಕೇತ ಮುಗಿಯುವಷ್ಟರಲ್ಲಿ ತರಂಗ ಸಾಗುವುದು ಬರೀ 28 ಮೀಟರ್. ರಸ್ತೆಯಾಚೆಯ ಗೋಡೆಗೆ ಬಡಿದು ಬಂದದ್ದೂ ಮುಂದಿನ ಸಂಕೇತದ ಮೈಮೇಲೆ ಬೀಳುತ್ತದೆ. ಒಎಫ್‌ಡಿಎಂಗೂ ಅವಕಾಶ ಕೊಡಿ ಎಂಬ ಸಿಂಕ್ಲೇರ್ ಮನವಿಯನ್ನು 2000ದ ಫೆಬ್ರವರಿಯಲ್ಲಿ ಅಲ್ಲಿನ ನಿಯಂತ್ರಣ ಆಯೋಗ ಎಫ್‌ಸಿಸಿ ತಳ್ಳಿಹಾಕಿತು. ಆಮೇಲೆ ರಿಸೀವರ್‌ಗಳು ಬಹಳ ಸುಧಾರಿಸಿದವು. 2017ರಲ್ಲಿ ಅದೇ ಆಯೋಗ ಒಪ್ಪಿದ ಎಟಿಎಸ್‌ಸಿ 3.0 ಪದ್ಧತಿಯ ಒಳಗಿರುವುದು ಒಎಫ್‌ಡಿಎಂ!

ವಿಜಯಪುರದ ಗೋಲ್ ಗುಂಬಜ್ ಹತ್ತಿದವರಿಗೆ ಇದರ ಜಾಣ್ಮೆ ಬೇಗ ಹೊಳೆಯುತ್ತದೆ. ಅಲ್ಲಿ ಗಡಬಡಿಸಿ ಮಾತಾಡಿದರೆ ಎಲ್ಲ ಕಲಸುಮೇಲೋಗರ. ಒಂದೊಂದೇ ಅಕ್ಷರ ಎಳೆದು ಹೇಳಿದರೆ ತಿಳಿಯುತ್ತದೆ. ಯುರೋಪಿನ ಡಿವಿಬಿ-ಟಿ ಪದ್ಧತಿಯ ಒಂದು ಬಗೆಯಲ್ಲಿ 6,817 ವಾಹಕ ತರಂಗಗಳು ಹೊರೆ ಹಂಚಿಕೊಂಡು ಹೀಗೆಯೇ ಎಳೆದು ಹೇಳುತ್ತವೆ. ಒಂದೊಂದು ಸಂಕೇತವೂ 896 ಮೈಕ್ರೊಸೆಕೆಂಡ್. ಜೊತೆಗೆ, ಸಂಕೇತದ ಬಾಲದ ತುಂಡನ್ನು ನಕಲು ಮಾಡಿ ಅದರ ತಲೆಗೆ ಅಂಟಿಸುತ್ತಾರೆ. ಹಿಂದಿನ ಸಂಕೇತದ ಪ್ರತಿಧ್ವನಿಗಳು ಆ ತುಂಡಿನ ಮೇಲೆ ಬಿದ್ದು ಮುಗಿಯುತ್ತವೆ. ರಿಸೀವರ್ ಆ ತುಂಡನ್ನು ಎಸೆದುಬಿಡುತ್ತದೆ. ಅದರ ಗರಿಷ್ಠ ಉದ್ದ 224 ಮೈಕ್ರೊಸೆಕೆಂಡ್, ಅಂದರೆ 67 ಕಿಲೋಮೀಟರ್ ಸುತ್ತಿ ಬಂದ ತರಂಗಕ್ಕೂ ಕ್ಷಮೆ ಉಂಟು.

ಈ ಪ್ರತಿಧ್ವನಿಗಳನ್ನು ಅಳೆಯುವ ಕ್ರಮವೂ ಅಷ್ಟೇ ಚೆಂದ. ವಾಹಕಗಳ ನಡುವೆ, ಬೆಲೆ ಮೊದಲೇ ಗೊತ್ತಿರುವ ಪೈಲಟ್ ವಾಹಕಗಳಿರುತ್ತವೆ. ಪ್ರತಿಧ್ವನಿ ಬೆರೆತಾಗ ಕೆಲವು ಬಲಗೊಳ್ಳುತ್ತವೆ, ಕೆಲವು ಸೊರಗುತ್ತವೆ. ಒಂದು ಮೈಕ್ರೊಸೆಕೆಂಡ್ ತಡವಾದ ಪ್ರತಿಧ್ವನಿ ಪ್ರತಿ ಮೆಗಾಹರ್ಟ್ಸ್‌ಗೂ ಒಂದು ಹಳ್ಳ ತೋಡಿ, ಚಾನೆಲ್ಲನ್ನು ಬಾಚಣಿಗೆ ಮಾಡಿಬಿಡುತ್ತದೆ. ಆ ಹಲ್ಲುಗಳ ಅಂತರದಿಂದ ಹಿಮ್ಮುಖವಾಗಿ ಲೆಕ್ಕ ಹಾಕಿದರೆ ತಡ ಸಿಗುತ್ತದೆ. ಎತ್ತರದ ಕಂಬ ಹೊತ್ತು ಬೀದಿ ಸುತ್ತುವ ಪರೀಕ್ಷಾ ವ್ಯಾನಿನ ಪರದೆಯಲ್ಲಿ ಅದು ಮುಳ್ಳುಗಳಂತೆ ಮೂಡುತ್ತದೆ: ನೇರ ಸಿಗ್ನಲ್ಲಿನದು ಒಂದು, 3.3 ಮೈಕ್ರೊಸೆಕೆಂಡ್ ಆಚೆ ಇನ್ನೊಂದು. ಆ ಎರಡನೆಯದು ಒಂದು ಕಿಲೋಮೀಟರ್ ಹೆಚ್ಚು ನಡೆದು ಬಂದದ್ದು. ಹಳೆಯ ಟಿವಿಯ ನೆರಳೇ ವೇಷ ಬದಲಿಸಿ ಬಂದಂತೆ!

ಪ್ರಶ್ನೆ ಕೇಳಿದ ಓದುಗರು ಮೊದಲು ಬೂಸ್ಟರ್ ಕಳಚಲಿ. ಮೆನುವಿನಲ್ಲಿ ‘ಸ್ಟ್ರೆಂತ್’ ಬಿಟ್ಟು ‘ಕ್ವಾಲಿಟಿ’ ನೋಡಲಿ. 600 ಮೆಗಾಹರ್ಟ್ಸ್ ತರಂಗದ ಉದ್ದ 50 ಸೆಂಟಿಮೀಟರ್. ಹಿಂಬದಿಯ ಗೋಡೆಯಿಂದ ಮರಳಿದ ತರಂಗ ತೋಡಿದ ಹಳ್ಳದಿಂದ ದಿಬ್ಬಕ್ಕೆ ಅದರ ಕಾಲು ಭಾಗ, ಅಂದರೆ ಅರ್ಧ ಗೇಣಿನಷ್ಟೇ ದೂರ. ಆಂಟೆನಾವನ್ನು ಒಂದೊಂದು ಸಲಕ್ಕೆ ಅಷ್ಟಷ್ಟೇ ಸರಿಸಿ, ಪ್ರತಿ ಸಲವೂ ಹತ್ತು ಸೆಕೆಂಡ್ ಕಾದು ನೋಡಲಿ.