ಪಿತ್ತಜನಕಾಂಗದ ಶಸ್ತ್ರಚಿಕಿತ್ಸೆ: ವಯಸ್ಸಿನ ಜೊತೆ ಮಾಂಸಖಂಡವನ್ನೂ ನೋಡಿ

ಮನೆಯಲ್ಲಿ ಎಪ್ಪತ್ತು ದಾಟಿದ ಹಿರಿಯರಿಗೆ ಪಿತ್ತಜನಕಾಂಗದ (ಲಿವರ್) ಕ್ಯಾನ್ಸರ್ ಎಂದು ತಿಳಿದಾಗ ಮೊದಲು ಏಳುವ ಪ್ರಶ್ನೆ, “ಈ ವಯಸ್ಸಿನಲ್ಲಿ ಆಪರೇಷನ್ ತಡೆದಾರೆಯೇ?” ಎಂಬುದು. ವಯಸ್ಸೊಂದನ್ನೇ ನೋಡಿ ಉತ್ತರ ಹೇಳಲಾಗದು. ಮೈಯಲ್ಲಿ ಮಾಂಸಖಂಡ ಎಷ್ಟು ಉಳಿದಿದೆ ಎಂಬುದೂ ಮುಖ್ಯ.

ಹಳೆಯ ಕಾಫಿ ಗಿಡವನ್ನು ಒಂದಡಿ ಬಿಟ್ಟು ಕಡಿದಾಗ, ಬೊಡ್ಡೆಯಲ್ಲಿ ಕಸುವಿದ್ದರೆ ಹೊಸ ಚಿಗುರು ಬರುತ್ತದೆ. ಪಿತ್ತಜನಕಾಂಗವೂ ಹಾಗೆಯೇ, ಗಡ್ಡೆಯಿದ್ದ ಭಾಗ ತೆಗೆದ ಮೇಲೆ ಉಳಿದದ್ದು ಬೆಳೆಯಬಲ್ಲದು. ಆ ದಿನಗಳಲ್ಲಿ ಗಾಯ ಮಾಯಲು, ಸೋಂಕು ಎದುರಿಸಲು ಬೇಕಾದ ಪ್ರೋಟೀನನ್ನು ದೇಹವು ಮಾಂಸಖಂಡದಿಂದ ಪಡೆಯುತ್ತದೆ. ರಕ್ತದಲ್ಲಿನ ಅಮೋನಿಯಾ ಕಳೆಯುವುದಕ್ಕೂ ಮಾಂಸಖಂಡ ನೆರವಾಗುತ್ತದೆ. ಜಪಾನಿನ ಕ್ಯೂಶೂ ವಿಶ್ವವಿದ್ಯಾಲಯದ ವೈದ್ಯರು 2013ರಲ್ಲಿ ಪ್ರಕಟಿಸಿದಂತೆ, ಶಸ್ತ್ರಚಿಕಿತ್ಸೆಯಾದ 186 ರೋಗಿಗಳಲ್ಲಿ 75 ಮಂದಿಯ ಮಾಂಸಖಂಡ ಸವೆದಿತ್ತು. ಐದು ವರ್ಷ ಬದುಕುಳಿದವರು ಇವರಲ್ಲಿ ಶೇ. 71; ಉಳಿದವರಲ್ಲಿ ಸುಮಾರು ಶೇ. 84.

ತೂಕ ನೋಡಿ ಮೋಸಹೋಗಬಾರದು. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ತೋಳು, ತೊಡೆ ಸೊರಗಿದರೂ ತಕ್ಕಡಿ ತೋರಿಸದು. ಮನೆಯಲ್ಲೇ ಹೀಗೆ ಪರೀಕ್ಷಿಸಿ: ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲಿ. 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ವೈದ್ಯರಿಗೆ ತಿಳಿಸಿ. ಸಿ.ಟಿ. ಸ್ಕ್ಯಾನ್ ಚಿತ್ರದಿಂದ ಅವರು ಮಾಂಸಖಂಡವನ್ನು ಅಳೆಯಬಲ್ಲರು.

ವಡ್ಡು, ಸಂಡೂರು, ಕಂಪ್ಲಿ ಕಡೆಯವರು ಹೊಸಪೇಟೆ, ಬಳ್ಳಾರಿಯಲ್ಲಿ ತೋರಿಸಿ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಕಡೆಗೆ ಹೋಗಿ ಆಪರೇಷನ್ ದಿನ ಗೊತ್ತಾಗುವಷ್ಟರಲ್ಲಿ ವಾರಗಳೇ ಕಳೆಯಬಹುದು. ಆಗ “ಲಿವರ್ ರೋಗ, ಪಥ್ಯ” ಎಂದು ಬರೀ ಗಂಜಿ ಕೊಡುವುದು ದೊಡ್ಡ ತಪ್ಪು. ಇಂಥ ರೋಗಿಗಳಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕೆಂದು ಈಗಿನ ವೈದ್ಯಶಾಸ್ತ್ರ ಹೇಳುತ್ತದೆ. 60 ಕಿಲೋ ಇರುವವರಿಗೆ 72ರಿಂದ 90 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಕಾಲು ಲೀಟರ್ ಹಾಲಿನಲ್ಲಿ 8 ಗ್ರಾಂ, ನೂರು ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಇದೆ. ಕಡಲೆಕಾಯಿಯೂ ಒಳ್ಳೆಯದು, ಬೂಷ್ಟು ಹಿಡಿದದ್ದು ಮಾತ್ರ ಬೇಡ. ಅದರಲ್ಲಿರಬಹುದಾದ ಅಫ್ಲಟಾಕ್ಸಿನ್ ಪಿತ್ತಜನಕಾಂಗದ ಕ್ಯಾನ್ಸರಿಗೇ ಕಾರಣವಾಗಬಲ್ಲದು. ಉಪವಾಸ ಬೇಡ, ಮಲಗುವ ಮುನ್ನ ಹಾಲು, ಬಾಳೆಹಣ್ಣು ಕೊಡಿ. ಶಕ್ತಿಯಿದ್ದಷ್ಟು ದಿನವೂ ನಡೆಸಿ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇದ್ದವರು ಆಹಾರದ ಪ್ರಮಾಣವನ್ನು ವೈದ್ಯರಿಂದಲೇ ಕೇಳಿ ತಿಳಿಯಬೇಕು.

ಊಟ, ನಡಿಗೆಯಿಂದ ಗಡ್ಡೆ ಕರಗದು. ಬಲ ಬರಲಿ ಎಂದು ನೀವಾಗಿಯೇ ಆಪರೇಷನ್ ಮುಂದೂಡಲೂ ಬೇಡಿ. ಆದರೆ ಕಾಯುವ ದಿನಗಳನ್ನು ಬರಿದೇ ಕಳೆಯದಿರುವುದು ಮನೆಯವರ ಕೈಯಲ್ಲೇ ಇದೆ.