ಸರಕು ಮುಟ್ಟದ ಗುಮಾಸ್ತ

ಚಾಮರಾಜನಗರ ದಾಟಿ ಸತ್ಯಮಂಗಲದ ಕಡೆ ಹೊರಟವರಿಗೆ ಕಾಡಿನ ನಡುವೆ ಪುಣಜನೂರು ಚೆಕ್‌ಪೋಸ್ಟ್ ಸಿಗುತ್ತದೆ. ಲಾರಿ ನಿಲ್ಲುತ್ತದೆ, ಪುಸ್ತಕದಲ್ಲಿ ನಂಬರು ಬೀಳುತ್ತದೆ, ಲಾರಿ ಮುಂದೆ ಹೋಗುತ್ತದೆ. ಟೊರೆಂಟ್ ಟ್ರ್ಯಾಕರ್ ಅಂದರೇನು ಎಂದು ಕೇಳಿದವರಿಗೆ ನಾನು ಮೊದಲು ಹೇಳುವುದು ಈ ನಂಬರಿನ ಪುಸ್ತಕದ ಕತೆಯನ್ನೇ.

ಬ್ರಾಮ್ ಕೊಹೆನ್ 2001ರಲ್ಲಿ ಕಡತ ಹಂಚುವ ಬಿಟ್‌ಟೊರೆಂಟ್ ಪದ್ಧತಿ ರೂಪಿಸಿದಾಗ ಕಡತವನ್ನು ಒಂದೇ ಉಗ್ರಾಣದಲ್ಲಿಡದೆ ತುಂಡುತುಂಡಾಗಿ ಜನರ ಕೈಗೇ ಬಿಟ್ಟರು. ಯಾರ ಬಳಿ ವಿಚಾರಿಸಬೇಕು ಎಂದು ತಿಳಿಸಲು ಒಬ್ಬ ಗುಮಾಸ್ತ ಬೇಕಿತ್ತು. ಅವನೇ ಟ್ರ್ಯಾಕರ್. ನಿಮ್ಮ ಕಂಪ್ಯೂಟರ್ ಅವನೆದುರು ಬೇಕಾದ ಕಡತದ 20 ಬೈಟಿನ ಗುರುತು ಹೇಳಿ, ಎಷ್ಟು ಇಳಿಸಿಕೊಂಡೆ, ಎಷ್ಟು ಕೊಟ್ಟೆ, ಎಷ್ಟು ಬಾಕಿ ಎಂದು ವರದಿ ಒಪ್ಪಿಸುತ್ತದೆ. ಗುಮಾಸ್ತನಿಗೆ ಕಡತದ ಹೆಸರೂ ಬೇಕಿಲ್ಲ. ಅದೇ ಗುರುತು ಹೇಳಿದ, ಸಾಮಾನ್ಯವಾಗಿ ಐವತ್ತು ಜನರ ವಿಳಾಸ ಕೊಟ್ಟು, ಅರ್ಧ ಗಂಟೆ ಬಿಟ್ಟು ಬಾ ಅನ್ನುತ್ತಾನೆ. ಒಂದು ವಿಳಾಸಕ್ಕೆ 6 ಬೈಟು. ಐವತ್ತಕ್ಕೆ ಬರೀ 300. ಗಿಗಾಬೈಟುಗಟ್ಟಲೆ ಸಾಗಾಟಕ್ಕೆ ಇಷ್ಟೇ ಚೀಟಿ!

ಚೆಕ್‌ಪೋಸ್ಟಿನ ಹೋಲಿಕೆ ಇಲ್ಲಿಗೆ ಕೈಕೊಡುತ್ತದೆ. ಗೇಟಿನವರು ಒಬ್ಬರ ನಂಬರನ್ನು ಇನ್ನೊಬ್ಬರಿಗೆ ಹೇಳುವುದಿಲ್ಲ. ಹೇಳುವುದು ರಸ್ತೆ ಬದಿಯ ಟೀ ಅಂಗಡಿ. ಟ್ರ್ಯಾಕರ್ ಎರಡೂ ಹೌದು. ಕೇಳಿದವರಿಗೆಲ್ಲ ವಿಳಾಸ ಸಿಗುವುದರಿಂದ, ಕಳ್ಳ ಸಿನಿಮಾ ಇಳಿಸುವವರ ಪಟ್ಟಿಯಲ್ಲಿ ತನಿಖೆ ಮಾಡುವವರೂ ಸದ್ದಿಲ್ಲದೆ ಕೂರಬಹುದು. ಕರ್ನಾಟಕ ಸರ್ಕಾರ 2014ರಲ್ಲಿ ಇಂಥ ನಕಲು ದಂಧೆಯನ್ನು ಗೂಂಡಾ ಕಾಯ್ದೆಯ ವ್ಯಾಪ್ತಿಗೇ ತಂದಿತು.

ಗುಮಾಸ್ತನಿಲ್ಲದೆಯೂ ನಡೆಯುತ್ತದೆ. 2005ರಲ್ಲಿ ಬಂದ ಡಿಎಚ್‌ಟಿ ಪದ್ಧತಿಯಲ್ಲಿ ವಿಳಾಸದ ಪುಸ್ತಕವನ್ನು ಬಳಕೆದಾರರೇ ಹಾಳೆ ಹಾಳೆಯಾಗಿ ಹಂಚಿಕೊಂಡಿರುತ್ತಾರೆ. ಟೊರೆಂಟ್ ತಾಣ ಪೈರೇಟ್ ಬೇ 2009ರಲ್ಲಿ ತನ್ನ ಟ್ರ್ಯಾಕರ್ ಮುಚ್ಚಿದರೂ ಸಾಗಾಟ ನಿಲ್ಲಲಿಲ್ಲ.

ನನಗೆ ಇದರ ಉಪಯೋಗ ಬೇರೆ. ಇಂಟರ್ನೆಟ್ ಆರ್ಕೈವ್ 2012ರಿಂದ ಟೊರೆಂಟ್ ಕೊಡುತ್ತಿದೆ. ಅಲ್ಲಿ ಸ್ಕ್ಯಾನ್ ಆದ ಹಳೆಯ ಕನ್ನಡ ಪುಸ್ತಕಗಳೂ ಇವೆ. ಸಿಗ್ನಲ್ ಬಂದು ಹೋಗುವ ಊರುಗಳಲ್ಲಿ ಇದೊಂದು ವರ: ಬಂದ ತುಂಡು ಬಂದದ್ದೇ, ಉಳಿದದ್ದು ನಾಳೆ. ಆದರೆ ಅಂಥ ಪುಸ್ತಕಕ್ಕೆ ಟ್ರ್ಯಾಕರನ್ನು ಕೇಳಿದರೆ ಎಷ್ಟೋ ಸಲ ಪಟ್ಟಿಯೇ ಖಾಲಿ. ಆರ್ಕೈವಿನ ಸರ್ವರೇ ಎಲ್ಲ ತುಂಡುಗಳನ್ನೂ ಕೊಡಬೇಕು. ನಾನು ಇಳಿಸಿಕೊಂಡ ಒಂದನ್ನು ವಾರದಿಂದ ತೆರೆದಿಟ್ಟಿದ್ದೇನೆ. ಅಪ್‌ಲೋಡ್ ಲೆಕ್ಕ ಇನ್ನೂ ಸೊನ್ನೆಯಲ್ಲಿದೆ.