ಬೆರಳಿಗೆ ಸಿಕ್ಕ ಗಂಟು, ಯಂತ್ರ ಕಂಡ ಚುಕ್ಕೆ

ಎದೆಯಲ್ಲಿ ಗಂಟು ಕೈಗೆ ಸಿಕ್ಕಿದ ಮೇಲೂ ತಿಂಗಳುಗಟ್ಟಲೆ ಸುಮ್ಮನಿರುವ ಹೆಂಗಸರು ನಮ್ಮಲ್ಲಿ ಬಹಳ ಮಂದಿ. ಯಾಕಮ್ಮಾ ಎಂದು ಕೇಳಿದರೆ, ‘ನೋವೇ ಇರಲಿಲ್ಲವಲ್ಲ’ ಎನ್ನುತ್ತಾರೆ. ಜೀವ ತೆಗೆಯುವ ಮಾತು ಇದು. ಸ್ತನ ಕ್ಯಾನ್ಸರಿನ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದೇ ಇಲ್ಲ. ಮುಟ್ಟಿಗೆ ಮುಂಚೆ ಎರಡೂ ಸ್ತನ ಭಾರವಾಗಿ ನೋಯುವುದು ಹೆಚ್ಚಾಗಿ ಹಾರ್ಮೋನುಗಳ ಏರಿಳಿತದಿಂದ.

ಹಾಗೆಂದು ಗಂಟು ಸಿಕ್ಕಿದ ಕೂಡಲೇ ಕಂಗಾಲಾಗಬೇಕಿಲ್ಲ. ಕೈಗೆ ಸಿಗುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಹರೆಯದ ಹುಡುಗಿಯರಲ್ಲಿ ಬಹುಪಾಲು ಕಾಣುವುದು ಫೈಬ್ರೊಅಡಿನೋಮ: ನುಣುಪಾಗಿ ಗುಂಡಗಿದ್ದು, ಒತ್ತಿದರೆ ಬೆರಳಿನಡಿಯಿಂದ ಜಾರಿಕೊಳ್ಳುತ್ತದೆ. ನಲವತ್ತರ ಆಸುಪಾಸಿನಲ್ಲಿ ನೀರು ತುಂಬಿದ ಸಿಸ್ಟ್ ಇರಬಹುದು. ಹಾಲೂಡಿಸುವ ತಾಯಿಗೆ ಸ್ತನ ಕೆಂಪೇರಿ, ಬಿಸಿಯಾಗಿ, ಜ್ವರ ಬಂದರೆ ಸೋಂಕು, ಕೀವು. ಆದರೆ ಯಾವುದು ಯಾವುದೆಂದು ಮುಟ್ಟಿ ನೋಡಿ ಖಚಿತವಾಗಿ ಹೇಳಲು ನುರಿತ ಸರ್ಜನ್ನಿಗೂ ಆಗುವುದಿಲ್ಲ. ಅಲ್ಲಿಗೇ ಬರುವುದು ಮ್ಯಾಮೋಗ್ರಾಂ, ಅಂದರೆ ಸ್ತನದ ಎಕ್ಸ್-ರೇ.

1913ರಲ್ಲಿ ಬರ್ಲಿನ್ನಿನ ಸರ್ಜನ್ ಆಲ್ಬರ್ಟ್ ಸಾಲೊಮನ್, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಸುಮಾರು 3000 ಸ್ತನಗಳ ಎಕ್ಸ್-ರೇ ತೆಗೆದು ನೋಡಿದರು. ಕ್ಯಾನ್ಸರ್ ಇದ್ದ ಕೆಲವು ಕಡೆ ಸಣ್ಣ ಸಣ್ಣ ಚುಕ್ಕೆಗಳು ಕಂಡವು. ಅವು ಸುಣ್ಣದ ಕಣಗಳೆಂದು, ರೋಗದ ಮುನ್ಸೂಚನೆಯೆಂದು ಲೋಕಕ್ಕೆ ಅರ್ಥವಾಗಲು ದಶಕಗಳೇ ಬೇಕಾದವು. (ನಾಜಿಗಳು ಆಮೇಲೆ ಈ ಯೆಹೂದಿ ವೈದ್ಯರನ್ನು ಸೆರೆಶಿಬಿರಕ್ಕೆ ತಳ್ಳಿದರು, ಅವರ ಮಗಳು, ಚಿತ್ರಕಲಾವಿದೆ ಶಾರ್ಲೊಟ್‌ಳನ್ನು ಆಶ್‌ವಿಟ್ಜ್‌ನಲ್ಲಿ ಕೊಂದರು.) ಸ್ತನಕ್ಕೆಂದೇ ಮಾಡಿದ ಎಕ್ಸ್-ರೇ ಯಂತ್ರ ಬಂದದ್ದು 1960ರ ದಶಕದಲ್ಲಿ, ಫ್ರಾನ್ಸಿನಲ್ಲಿ.

ಅದಕ್ಕೆ ಬೇರೆ ಯಂತ್ರವೇ ಏಕೆ? ಎದೆಗೂಡಿನ ಎಕ್ಸ್-ರೇಗೆ ಸಾಮಾನ್ಯವಾಗಿ 100 ಕಿಲೋವೋಲ್ಟಿಗೂ ಹೆಚ್ಚು ಬಳಸುತ್ತಾರೆ. ಆ ಬಿರುಸಿಗೆ ಕೊಬ್ಬು, ಗ್ರಂಥಿ, ಗಂಟು ಎಲ್ಲವೂ ಒಂದೇ ತರಹ ಕಾಣುತ್ತವೆ. ಮ್ಯಾಮೋಗ್ರಾಂ ಕೆಲಸ ಮಾಡುವುದು ಸುಮಾರು 25ರಿಂದ 35 ಕಿಲೋವೋಲ್ಟಿನಲ್ಲಿ. ಈ ಮೆದು ಕಿರಣಗಳು ಮಾತ್ರ ಮೃದು ಅಂಗಾಂಶಗಳ ನಡುವಿನ ಸೂಕ್ಷ್ಮ ವ್ಯತ್ಯಾಸ ತೋರಿಸುತ್ತವೆ. ಸ್ತನವನ್ನು ಎರಡು ಫಲಕಗಳ ನಡುವೆ ಕೆಲವು ಸೆಕೆಂಡು ಒತ್ತಿ ಹಿಡಿಯುತ್ತಾರೆ. ನೋವಾಗುತ್ತದೆ, ನಿಜ. ಆದರೆ ಒತ್ತಿದರೆ ಸ್ತನ ತೆಳುವಾಗಿ ಹರಡಿಕೊಂಡು, ಒಂದರ ಮೇಲೊಂದು ಬಿದ್ದು ಮರೆಯಾಗಿದ್ದದ್ದು ಬಿಡಿಸಿಕೊಳ್ಳುತ್ತದೆ, ಚಿತ್ರ ಅಲುಗುವುದಿಲ್ಲ, ಕಿರಣವೂ ಕಡಿಮೆ ಸಾಕು. ಮುಟ್ಟು ಮುಗಿದ ವಾರದಲ್ಲಿ ಮಾಡಿಸಿಕೊಂಡರೆ ನೋವು ಕಡಿಮೆ. ಆ ದಿನ ಕಂಕುಳಿಗೆ ಪೌಡರ್, ಡಿಯೋಡರೆಂಟ್ ಹಚ್ಚಬೇಡಿ; ಅದರಲ್ಲಿನ ಕಣಗಳು ಚಿತ್ರದಲ್ಲಿ ಥೇಟ್ ಸುಣ್ಣದ ಚುಕ್ಕೆಗಳಂತೆಯೇ ಕಂಡು ದಾರಿ ತಪ್ಪಿಸುತ್ತವೆ.

ಈ ಯಂತ್ರಕ್ಕೂ ಮಿತಿ ಇದೆ. ಚಿತ್ರದಲ್ಲಿ ಕೊಬ್ಬು ಕಪ್ಪಗೆ, ಗ್ರಂಥಿ ಬೆಳ್ಳಗೆ, ಕ್ಯಾನ್ಸರ್ ಕೂಡ ಬೆಳ್ಳಗೆ. ಎಳೆಯ ವಯಸ್ಸಿನಲ್ಲಿ ಗ್ರಂಥಿಯೇ ಹೆಚ್ಚು. ಆಗ ಗಂಟು ಹುಡುಕುವುದೆಂದರೆ ಹತ್ತಿಯ ರಾಶಿಯಲ್ಲಿ ಮಲ್ಲಿಗೆ ಮೊಗ್ಗು ಹುಡುಕಿದಂತೆ. ಅದಕ್ಕೇ ಚಿಕ್ಕ ವಯಸ್ಸಿನವರಿಗೆ ಮೊದಲು ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಬರೆದುಕೊಡುತ್ತಾರೆ. ಒಳಗೆ ನೀರಿದೆಯೋ, ಗಟ್ಟಿ ಗಡ್ಡೆಯೋ ಎಂಬುದು ಅದರಲ್ಲಿ ತಿಳಿಯುತ್ತದೆ. ಮ್ಯಾಮೋಗ್ರಾಂ ‘ನಾರ್ಮಲ್’ ಎಂದು ಬಂದರೂ ಗಂಟು ಕೈಗೆ ಸಿಗುತ್ತಲೇ ಇದ್ದರೆ ಅಲ್ಲಿಗೇ ಬಿಡಬಾರದು. ಕೊನೆಯ ತೀರ್ಮಾನ ಬಯಾಪ್ಸಿಯದು, ಅಂದರೆ ಸೂಜಿಯಿಂದ ಗಂಟಿನ ಚೂರು ತೆಗೆದು ಮಾಡುವ ಪರೀಕ್ಷೆಯದು. ಸೂಜಿ ಚುಚ್ಚಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ ಎಂಬ ಭಯ ನಮ್ಮಲ್ಲಿ ಮನೆಮಾತಾಗಿದೆ. ಅದಕ್ಕೆ ಆಧಾರವಿಲ್ಲ, ಆ ಭಯದಿಂದ ಕಳೆದುಕೊಳ್ಳುವ ಸಮಯವೇ ನಿಜವಾದ ಅಪಾಯ.

ಮ್ಯಾಮೋಗ್ರಾಂ ಯಂತ್ರ ಎಲ್ಲ ತಾಲ್ಲೂಕಿಗೂ ಬರಲಿ ಎಂದು ಕಾಯಬೇಕಾಗಿಯೂ ಇಲ್ಲ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಿಂದ ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು ಇಪ್ಪತ್ತು ವರ್ಷ ಗಮನಿಸಿದರು. ಅವರಲ್ಲಿ ಅರ್ಧದಷ್ಟು ಜನರ ಸ್ತನಗಳನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದರು. ಹಾಗೆ ಪರೀಕ್ಷೆಯಾದ 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಶೇ 30ರಷ್ಟು ಇಳಿಯಿತು. ಅದಕ್ಕಿಂತ ಕಿರಿಯರಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಆದರೂ ಬರಿಗೈಗೆ ಇಷ್ಟು ಸಾಧ್ಯವಾಯಿತು ಎಂಬುದು ನನಗೆ ಬಹಳ ದೊಡ್ಡ ಸಂಗತಿ.

ಹಾಗಾದರೆ ಡಾಕ್ಟರ ಬಳಿ ಹೋಗುವುದು ಯಾವಾಗ? ಮುಟ್ಟಾಗುತ್ತಿರುವ ಚಿಕ್ಕ ವಯಸ್ಸಿನವರು, ಬೇರೆ ಲಕ್ಷಣಗಳಿಲ್ಲದಿದ್ದರೆ, ಒಂದು ಮುಟ್ಟು ಕಳೆಯುವವರೆಗೆ ನೋಡಬಹುದು. ಆಮೇಲೂ ಗಂಟು ಉಳಿದಿದ್ದರೆ ಹೊರಡಿ. ಮುಟ್ಟು ನಿಂತವರಿಗೆ ಹೊಸ ಗಂಟು ಸಿಕ್ಕಿದರೆ ಅದೇ ವಾರ ಹೋಗಬೇಕು. ಗಂಟು ಗಟ್ಟಿಯಾಗಿ ಅಲುಗಾಡದಿದ್ದರೆ, ಚರ್ಮ ಒಳಕ್ಕೆ ಎಳೆದುಕೊಂಡಿದ್ದರೆ ಅಥವಾ ಕಿತ್ತಳೆ ಸಿಪ್ಪೆಯಂತಾಗಿದ್ದರೆ, ತೊಟ್ಟು ಹೊಸದಾಗಿ ಒಳಸೇರಿದ್ದರೆ, ಅದರಿಂದ ರಕ್ತ ಒಸರುತ್ತಿದ್ದರೆ, ಕಂಕುಳಲ್ಲಿ ಗಂಟಿದ್ದರೆ ಯಾವ ವಯಸ್ಸಿನಲ್ಲೂ ತಡ ಮಾಡಬಾರದು. ಅಪರೂಪಕ್ಕಾದರೂ ಈ ರೋಗ ಗಂಡಸರಿಗೂ ಬರುತ್ತದೆ.

30 ದಾಟಿದ ಹೆಂಗಸರಿಗೆ ಸರ್ಕಾರದ ತಪಾಸಣೆ ಕಾರ್ಯಕ್ರಮದಲ್ಲಿ ಐದು ವರ್ಷಕ್ಕೊಮ್ಮೆ ಸ್ತನ ಪರೀಕ್ಷೆ ಸೇರಿದೆ. ನಿಮ್ಮೂರ ಆಶಾ ಕಾರ್ಯಕರ್ತೆಯನ್ನು ಕೇಳಿ. ಹೋಗುವಾಗ ಅಮ್ಮನನ್ನೋ ಅತ್ತೆಯನ್ನೋ ಜೊತೆಗೆ ಕರೆದುಕೊಂಡು ಹೋಗಿ, ಅವರಿಗೂ ಮಾಡಿಸಿ.